ಹದಿನಾಲ್ಕನೇ ನಿಮಿಷದ ಹೆಜ್ಜೆಗಳು

ಕವನಾಳ ಕಣ್ಣಿಗೆ ಬೀಳದ ತಪ್ಪಿಲ್ಲ ಎಂಬುದು ಭಾಗಮಂಡಲದ ಸುತ್ತಮುತ್ತ ಎಲ್ಲರಿಗೂ ಗೊತ್ತು. ಮದುವೆ ಕಾಗದ ಕೈಗೆ ಕೊಟ್ಟರೆ ಮೊದಲು ವಾರಕ್ಕೂ ತಾರೀಖಿಗೂ ತಾಳೆ ನೋಡುತ್ತಾಳೆ; ಊಟಕ್ಕೆ ಕೂತರೆ ಎಲೆಯ ತುದಿ ಯಾವ ಕಡೆಗಿದೆ ಅಂತ ನೋಡುತ್ತಾಳೆ. ಇಂಥವರ ಜೊತೆ ಸಂಸಾರ ಮಾಡುವುದು ಕಷ್ಟ. ಆದರೆ ಟಿವಿಯವರಿಗೆ ಇಂಥವರೇ ಬೇಕಂತೆ.

ಜನವರಿಯಲ್ಲಿ ಅವರ ಮನೆಗೆ ಒಂದು ವೈಜ್ಞಾನಿಕ ಧಾರಾವಾಹಿಯ ತಂಡ ಬಂದಿತ್ತು. ಆರನೇ ಕಂತಿನಲ್ಲಿ ಬೇರೆ ಲೋಕದ ನೌಕೆಯೊಂದು ಕಾಫಿ ಒಣಗಿಸುವ ಕಣದ ಮೇಲೆ ಬಂದು ನಿಲ್ಲುತ್ತದೆ, ಊರಿನ ಗಡಿಯಾರಗಳೆಲ್ಲ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಿಂತುಬಿಡುತ್ತವೆ. ಕತೆಯಲ್ಲಿ ಅದು ಒಂದೇ ಬೆಳಗು, ಚಿತ್ರೀಕರಣ ಮಾತ್ರ ಐದು ದಿನ. ಐದು ದಿನದಲ್ಲಿ ಕೆಂಪು ಹಣ್ಣು ಬಿಸಿಲಿಗೆ ಬಾಡಿ ಕಪ್ಪಿಗೆ ತಿರುಗುತ್ತದೆ ಎಂಬುದು ನಿರ್ದೇಶಕ ಕೀರ್ತಿಕುಮಾರನಿಗೆ ಹೊಳೆದೇ ಇರಲಿಲ್ಲ. ಕವನಾ ಹೇಳಿದಳು. ಅವನು ಅಲ್ಲೇ ಅವಳನ್ನು ಕಂಟಿನ್ಯುಯಿಟಿ ಕೆಲಸಕ್ಕೆ ಹಾಕಿಕೊಂಡ. ದಿನಾ ಹೊಸ ಹಣ್ಣು ಹರಡಿಸಿ, ಸಾಲು ಎಳೆಸಿ, ಪ್ರತಿ ಶಾಟಿಗೆ ಮೊದಲು ಫೋನಿನಲ್ಲಿ ಫೋಟೋ ತೆಗೆದು, ಹಿಂದಿನ ದಿನದ ಫೋಟೋ ಜೊತೆ ಹೋಲಿಸುವುದು ಅವಳ ಪಾಲಿನ ಕೆಲಸ. ಆ ಐದು ದಿನ ಅವಳು ಕಣದ ಮೇಲೆ ಕೋಳಿಯನ್ನೂ ಬಿಡಲಿಲ್ಲ.

ಮಾರ್ಚಿನಲ್ಲಿ ಕಂತು ಪ್ರಸಾರವಾಯಿತು. ವಾರ ಕಳೆದು ಕೀರ್ತಿಕುಮಾರ ಒಂದು ಪಟ್ಟಿ ಕಳಿಸಿದ. ನೋಡಿದ ಜನ ಹೆಕ್ಕಿ ತೆಗೆದ ಹನ್ನೊಂದು ತಪ್ಪುಗಳು. ಯಾವುದನ್ನು ತೆಗೆಯಬೇಕೋ ಅದಕ್ಕೆ ಗುರುತು ಹಾಕಿ ಮಧ್ಯಾಹ್ನದೊಳಗೆ ಕಳಿಸಬೇಕು, ಕಂಪ್ಯೂಟರಿನಲ್ಲಿ ಅಳಿಸಿ ಹೊಸ ಪ್ರತಿ ಹಾಕುತ್ತೇವೆ, ಹಳೆಯದು ಇನ್ನೆಲ್ಲೂ ಸಿಗುವುದಿಲ್ಲ ಎಂದಿದ್ದ.

ಕವನಾ ಜಗಲಿಯಲ್ಲಿ ಕೂತು ಒಂದೊಂದೇ ಓದಿದಳು. ವಿಜ್ಞಾನಿಯ ಪಾತ್ರದವನು ಜ್ಯೋತಿರ್ವರ್ಷವನ್ನು ಕಾಲದ ಲೆಕ್ಕವೆಂದುಕೊಂಡು ಮಾತಾಡುತ್ತಾನೆ. ಗಾಳಿಯೇ ಇಲ್ಲದ ಕಡೆ ನೌಕೆ ಲಾರಿಯ ಹಾಗೆ ಗುರುಗುಟ್ಟುತ್ತದೆ. ನಡುಮಧ್ಯಾಹ್ನ ನೆತ್ತಿಯ ಮೇಲೆ ಹುಣ್ಣಿಮೆಯ ಚಂದ್ರ. ನಾಯಕಿಯ ವಾಚು ಎಡಗೈಯಿಂದ ಬಲಗೈಗೆ ಹಾರಿದೆ. ಚಂದ್ರನ ಮಟ್ಟಿಗೆ ಕೀರ್ತಿಕುಮಾರನಿಗೆ ಎರಡು ಬಾರಿಸಬೇಕು ಅನ್ನಿಸಿತು. ಒಂಬತ್ತನೆಯದು ಮಾತ್ರ ಅವಳನ್ನೇ ಚುಚ್ಚುವಂಥದು: ಹದಿನಾಲ್ಕನೇ ನಿಮಿಷದಲ್ಲಿ, ಡ್ರೋನ್ ಮೇಲಿನಿಂದ ತೋರಿಸುವಾಗ, ಯಾರೂ ಇಲ್ಲದ ಕಣದಲ್ಲಿ ಹೆಜ್ಜೆಗುರುತುಗಳು. ಒಂದೇ ದಿಕ್ಕಿಗೆ ನಡೆದದ್ದಿದೆ, ತಿರುಗಿ ಹೋದದ್ದಿಲ್ಲ.

ಕಾಫಿ ಎಳೆಯುವವರು ಹಿಂದಕ್ಕೆ ನಡೆಯುತ್ತಾರೆ. ಉದ್ದ ಹಿಡಿಯ ಮರದ ಹಲಗೆಯನ್ನು ಮೈಯ ಕಡೆಗೆ ಎಳೆದುಕೊಳ್ಳುತ್ತ ಹಿಮ್ಮೆಟ್ಟಿದರೆ ತುಳಿದ ಗುರುತನ್ನು ಹಲಗೆಯೇ ಅಳಿಸುತ್ತದೆ, ಹಣ್ಣು ಸಮನಾಗಿ ಸಾಲಾಗುತ್ತದೆ. ಮುಂದಕ್ಕೆ ದೂಡಿಕೊಂಡು ಹೋಗುವವನು ಮಾತ್ರ ತಾನು ಮಾಡಿದ ಸಾಲನ್ನು ತಾನೇ ತುಳಿಯುತ್ತಾನೆ. ಅಂಥ ತಪ್ಪನ್ನು ತನ್ನ ಕಣದಲ್ಲಿ ತಾನು ಬಿಟ್ಟಿರಲು ಸಾಧ್ಯವೇ ಇಲ್ಲ. ಅವಳ ಫೋಟೋದಲ್ಲಿ ಕಣ ಚೊಕ್ಕವಾಗಿತ್ತು. ಫೋನಿನ ಪುಟ್ಟ ಪರದೆಯಲ್ಲಿ ಕಂತು ಹಾಕಿ ನೋಡಿದರೆ ಹೌದು, ಏನೋ ಕಲೆಗಳು. ಸಿಟ್ಟಿನಿಂದ ಹನ್ನೊಂದಕ್ಕೂ ಗುರುತು ಹಾಕಿ ಕಳಿಸಿಬಿಟ್ಟಳು.

ಊಟವಾದ ಮೇಲೆ ಒಳಗೆ ಬಂದಾಗ ಅವ್ವ ಬೊಳ್ಳಮ್ಮ ಟಿವಿಯ ಮುಂದೆ ಕೂತಿದ್ದಳು. ಒಂದು ವಾರದಿಂದ ಅವ್ವ ದಿನಾ ಇದೇ ಕಂತು ಹಾಕಿಕೊಳ್ಳುತ್ತಿದ್ದಳು. ನಮ್ಮ ಮನೆ ಟಿವಿಯಲ್ಲಿ ಬಂತು ಅನ್ನುವ ಹೆಮ್ಮೆ ಇರಬೇಕು ಅಂತ ಕವನಾ ಸುಮ್ಮನಿದ್ದಳು. ಈಗ ನೋಡಿದರೆ ಅವ್ವ ಊಟಕ್ಕೆ ಮುಂಚಿನಿಂದಲೇ ಹದಿನಾಲ್ಕನೇ ನಿಮಿಷಕ್ಕೆ ಚಿತ್ರ ನಿಲ್ಲಿಸಿಕೊಂಡು ಕೂತಿದ್ದಾಳೆ.

"ಎಡದ ಪಾದ ನೋಡ್," ಎಂದಳು ಅವ್ವ, ತಿರುಗದೆ. "ಅವಂದೇ."

ದೊಡ್ಡ ಪರದೆಯಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಕೆಂಪು ಹಣ್ಣಿನ ಸಾಲಿನ ನಡುವೆ ಪಾದದ ಗುಳಿಗಳು, ಒಂದೊಂದರ ತಳದಲ್ಲೂ ಬಿಳಿಚಿದ ಸಿಮೆಂಟು. ಬಲಪಾದ ನೇರ, ಎಡಪಾದ ಪ್ರತಿ ಸಲವೂ ಹೊರಕ್ಕೆ ತಿರುಗಿದ್ದು. ತಮ್ಮ ಮೋಕ್ಷಿತ್ ಏಳು ವರ್ಷದವನಿದ್ದಾಗ ಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಅಂದಿನಿಂದ ಆ ಪಾದ ಹಾಗೆಯೇ. ಹೆಜ್ಜೆಗಳು ಕಣದ ಅಂಚಿನಿಂದ ಹೊರಟು ಮನೆಯ ಕಡೆ ಅರ್ಧ ಬಂದು ನಿಂತಿದ್ದವು.

ಕವನಾ ಪರದೆಯ ಹತ್ತಿರ ಹೋದಳು. ಯಾಕೆ ಅರ್ಧಕ್ಕೆ ನಿಂತಿವೆ ಎಂಬುದು ತನಗೊಬ್ಬಳಿಗೇ ಗೊತ್ತು ಅಂತ ಅವಳು ತಿಳಿದಿದ್ದಳು. ಎರಡು ವರ್ಷದ ಹಿಂದೆ ಇದೇ ಕಣದಲ್ಲಿ ಮೋಕ್ಷಿತ್ ಹಲಗೆಯನ್ನು ಮುಂದಕ್ಕೆ ದೂಡುತ್ತ, ಯಾವುದೋ ಹಾಡು ಗುನುಗುತ್ತ, ಸಾಲೆಲ್ಲ ತುಳಿದುಕೊಂಡು ಬರುತ್ತಿದ್ದ. ಸಾವಿರ ಸಲ ಹೇಳಿಕೊಟ್ಟರೂ ಅವನಿಗೆ ಹಿಂದಕ್ಕೆ ನಡೆಯಲು ಬರುತ್ತಿರಲಿಲ್ಲ. ಜಗಲಿಯಿಂದ ಅವಳು ಕೂಗಿದ್ದಳು, ಇನ್ನು ಈ ಕಣಕ್ಕೆ ಕಾಲಿಡಬೇಡ, ತೊಲಗು ಅಂತ. ಅವನು ಹಲಗೆಯನ್ನು ಅಲ್ಲೇ ಮಲಗಿಸಿ, ನಗುತ್ತಲೇ ಬೈಕು ಹತ್ತಿ ಹೋದ. ಮಡಿಕೇರಿ ರಸ್ತೆಯ ತಿರುವಿನಲ್ಲಿ ಜೀಪಿಗೆ ಸಿಕ್ಕಿದ. ಕಣದಲ್ಲಿ ಉಳಿದಿದ್ದ ಅವನ ಹೆಜ್ಜೆಗಳನ್ನು, ಸಾವಿಗೆ ಬರುವ ಜನ ನೋಡುತ್ತಾರೆಂದು, ಅವಳೇ ಹಲಗೆ ಎಳೆದು ಅಳಿಸಿದ್ದಳು.

ಅವಳು ಹೊರಗೋಡಿ ಕೀರ್ತಿಕುಮಾರನಿಗೆ ಫೋನು ಮಾಡಿದಳು. ಒಂಬತ್ತನೆಯದು ತಪ್ಪಲ್ಲ, ಅದನ್ನು ಮುಟ್ಟಬೇಡಿ ಎಂದಳು. ಅವನು ನಕ್ಕ. ಎಲ್ಲ ಮುಗಿದು ಆಗಲೇ ಅರ್ಧ ಗಂಟೆಯಾಯಿತಂತೆ, ಹಳೆಯ ಪ್ರತಿಯನ್ನೂ ತೆಗೆದಾಯಿತಂತೆ. ಇನ್ನೊಂದು ಮಾತು ಅವನೇ ಸೇರಿಸಿದ. ಮೂಲ ದೃಶ್ಯವನ್ನು ತೆಗೆದು ನೋಡಿದರೆ ಅದರಲ್ಲಿ ಹೆಜ್ಜೆಗಳೇ ಇರಲಿಲ್ಲ, ಪ್ರಸಾರದಲ್ಲಿ ಮಾತ್ರ ಎಲ್ಲಿಂದ ಬಂದವೋ ಕಂಪ್ಯೂಟರಿನಲ್ಲಿ ಅಳಿಸಿದ ಹುಡುಗರಿಗೆ ಅರ್ಥವಾಗಲಿಲ್ಲ ಎಂದ.

ಒಳಗೆ ಅವ್ವ ಕಂತನ್ನು ಮೊದಲಿನಿಂದ ಹಾಕಿದ್ದಳು. ಹದಿನಾಲ್ಕನೇ ನಿಮಿಷ ಬಂತು. ಬಾಚಿದ ತಲೆಯಂತೆ ಕಣ ಚೊಕ್ಕವಾಗಿತ್ತು. ಅವ್ವ ಮತ್ತೊಮ್ಮೆ ಹಾಕಿದಳು. ಆಮೇಲೆ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು ಮಗಳ ಮುಖ ನೋಡಿದಳು. ಅವತ್ತು ಕೂಗಿದ್ದನ್ನು ಅವ್ವ ಕೇಳಿಸಿಕೊಂಡಿದ್ದಳು ಎಂಬುದು ಕವನಾಳಿಗೆ ಇಂದಷ್ಟೇ ತಿಳಿಯಿತು.

"ಪುನ ಓಡ್ಸಿಬುಟ್ಟಿಯಾ ಅವ್ನ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕವನಾ ಹಲಗೆ ತೆಗೆದುಕೊಂಡು ಕಣಕ್ಕೆ ಹೋದಳು. ಕೊನೆಯ ಕೊಯ್ಲಿನ ಕಾಫಿ ಹರಡಿತ್ತು, ಸಂಜೆಯೊಳಗೆ ಒಮ್ಮೆ ಎಳೆಯಬೇಕು. ನಾಲ್ಕು ಗಂಟೆಯ ಬಿಸಿಲು ಚುರುಗುಟ್ಟುತ್ತಿತ್ತು. ಅವಳು ಆಚೆ ಅಂಚಿನಲ್ಲಿ ನಿಂತು, ಅಭ್ಯಾಸದಂತೆ ಮನೆಗೆ ಬೆನ್ನು ಮಾಡಿ, ಹಲಗೆ ಎಳೆಯುತ್ತ ಹಿಂದಕ್ಕೆ ನಡೆದಳು. ಕಣ್ಣು ಮಂಜಾಗಿ ಹಲಗೆಯೇ ಕಾಣುತ್ತಿರಲಿಲ್ಲ. ಜಗಲಿಯ ಮೆಟ್ಟಿಲು ಹಿಮ್ಮಡಿಗೆ ತಾಗಿದಾಗ ನಿಂತು ಕಣ್ಣೊರೆಸಿಕೊಂಡು ತಲೆ ಎತ್ತಿದಳು.

ಅವಳು ಈಗಷ್ಟೇ ಎಳೆದ ಸಾಲಿನ ಮೇಲೆ ಹೆಜ್ಜೆಗಳಿದ್ದವು. ಅಂಚಿನಿಂದ ಹೊರಟು, ಎಡಪಾದ ಹೊರಕ್ಕೆ ತಿರುಗಿಸಿಕೊಂಡು, ಅವಳ ಕಡೆಗೇ ಬರುತ್ತ, ಕಣದ ನಡುವೆ ನಿಂತಿದ್ದವು. ಗಾಳಿ ಇರಲಿಲ್ಲ. ಹೊಳೆಯ ಕಡೆಯ ಹಕ್ಕಿಗಳೂ ಸುಮ್ಮನಾಗಿದ್ದವು.

ಕೈ ತಾನಾಗಿಯೇ ಫೋನಿಗೆ ಹೋಯಿತು. ಅವಳು ಅದನ್ನು ಮೆಟ್ಟಿಲ ಮೇಲೆ ಬೋರಲು ಹಾಕಿದಳು. ಹಲಗೆಯನ್ನೂ ಪಕ್ಕಕ್ಕೆ ಎಸೆದಳು. ಭಯವಾಗುತ್ತಿತ್ತು, ಆದರೂ ಎರಡು ವರ್ಷದಿಂದ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಆಡಿದಳು.

"ಬಾ ತಮ್ಮ. ತುಳ್ಕಂಡೇ ಬಾ."

ಹಿಂದೆ ಬಾಗಿಲಲ್ಲಿ ಅವ್ವ ಬಂದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು. ಆಮೇಲೆ ಕಣದ ನಡುವೆ ಒಣಗಿದ ಹಣ್ಣಿನ ಸಿಪ್ಪೆ ಚಟ್ಟೆಂದಿತು. ಕಾಳುಗಳು ಮೆಲ್ಲಗೆ ಅತ್ತಿತ್ತ ಸರಿದವು, ನಡುವೆ ಸಿಮೆಂಟು ಕಂಡಿತು. ಹೊಸದೊಂದು ಹೆಜ್ಜೆ, ಎಡಗಾಲಿನದು. ಕವನಾ ಮೆಟ್ಟಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.