ಪಾಸ್ತಾ ಪೊಟ್ಟಣದ ಹಿಂಬದಿ

ಭೂಮಿಕಾ ತರೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಸಫೂರಾ ಇದ್ದಳು. ಅವಳ ಒಂಬತ್ತು ವರ್ಷದ ಮಗಳು ಮಿಸ್ಬಾ ಪ್ರತಿ ಭಾನುವಾರ ಭೂಮಿಕಾಳ ಮಗಳು ಶ್ರುತಿಯ ಜೊತೆ ಆಡಿ, ಅಲ್ಲೇ ಊಟ ಮಾಡಿ ಹೋಗುತ್ತಿದ್ದಳು. ಮನೆಯಲ್ಲಿ ಹಲಾಲ್ ಅಲ್ಲದ ಕೋಳಿ ಮಾಡಿದ ದಿನ ಭೂಮಿಕಾ ಮರೆಯದೆ ಅವಳಿಗೆ ಬೇರೆ ಪಾತ್ರೆಯಲ್ಲಿ ಕಾಳಿನ ಸಾರು ಇಡುತ್ತಿದ್ದಳು.

ಆ ಭಾನುವಾರ ಪಾಸ್ತಾ ಮಾಡಿದ್ದಳು. ನಾದಿನಿ ವಿದೇಶ ಪ್ರವಾಸದಿಂದ ತಂದುಕೊಟ್ಟಿದ್ದ ಪೊಟ್ಟಣ. ಮಿಸ್ಬಾ ಎರಡು ಸಲ ಹಾಕಿಸಿಕೊಂಡು ತಿಂದಳು.

ಮರುದಿನ ಬೆಳಿಗ್ಗೆ ಸಫೂರಾ ಹಿತ್ತಿಲ ಗೋಡೆಯಾಚೆಯಿಂದ ಕೂಗಿದಳು.

"ಅಕ್ಕಾ, ನೀವ್ ಮಾಡಿದ್ ಪಾಸ್ತಾನೇ ಬೇಕು ಅಂತ ಹಟ ಹಿಡಿದವ್ಳೆ ನಮ್ ಮಿಸ್ಬಾ. ಅದು ಹಲಾಲೇ ತಾನೆ?"

"ಬರೀ ಗೋಧಿ, ಚೀಸು ಕಣೇ. ಇನ್ನೇನಿರುತ್ತೆ ಅದ್ರಲ್ಲಿ?"

"ಹಂಗಾದ್ರೆ ಕವರ್ ಕೊಡಿ, ಅಂಗಡೀಲಿ ತೋರಿಸಿ ತರ್ತೀನಿ."

ಭೂಮಿಕಾ ಕಸದ ಬುಟ್ಟಿಯಿಂದ ಕವರ್ ಎತ್ತಿ ಒರೆಸಿದಳು. ಸಸ್ಯಾಹಾರದ ಹಸಿರು ಚುಕ್ಕೆ ಎಲ್ಲೂ ಇರಲಿಲ್ಲ. ಅಕ್ಷರಗಳೂ ಗೊತ್ತಿಲ್ಲದ ಭಾಷೆಯವು. ಫೋನಿನ ಕ್ಯಾಮೆರಾ ಹಿಡಿದಾಗ ಒಂದೊಂದಾಗಿ ಅರ್ಥ ಮೂಡಿತು: ಗೋಧಿ, ಉಪ್ಪು, ಚೀಸ್ ಪುಡಿ, ಕೊನೆಯಲ್ಲಿ ಇ-೪೭೧. ಅದು ಕೊಬ್ಬಿನಿಂದ ಮಾಡುವ ವಸ್ತು ಎಂದು ಅವಳಿಗೆ ಗೊತ್ತಿತ್ತು. ಗಿಡದ ಎಣ್ಣೆಯದೂ ಆಗಬಹುದು, ಹಂದಿಯದೂ ಆಗಬಹುದು. ಯಾವುದೆಂದು ಬರೆದಿರಲಿಲ್ಲ.

"ಕವರ್ ಎಲ್ಲೋ ಹೋಯ್ತು ಕಣೇ, ಹುಡುಕ್ತೀನಿ" ಎಂದು ಕೂಗಿ ಹೇಳಿದಳು. ಕವರನ್ನು ಮಡಚಿ ಕೈಚೀಲದೊಳಗೆ ಹಾಕಿಕೊಂಡಳು.

ಅವತ್ತೇ ಕಂಪನಿಗೆ ಮೇಲ್ ಬರೆದಳು. ಸಂಜೆ ಬಸ್ಸು ಹತ್ತಿ ಕಡೂರಿನ ದೊಡ್ಡ ಅಂಗಡಿಗೆ ಹೋಗಿ ಕವರ್ ತೋರಿಸಿದಳು. ಮಾಲೀಕ ಈರಭದ್ರಪ್ಪ ಅದನ್ನು ತಿರುಗಿಸಿ ನೋಡಿ, "ಇದು ನಮ್ ಕಡೆ ಬರೋ ಮಾಲಲ್ಲ ಮೇಡಂ, ನಾವೇನ್ ಹೇಳೋಣ?" ಎಂದರು. ಮಾರನೆಯ ದಿನ ಶಾಲೆಯ ಪ್ರಯೋಗಾಲಯದಲ್ಲಿ ಪ್ರನಾಳಗಳನ್ನು ನೋಡುತ್ತ ನಿಂತಳು. ಕೊಬ್ಬು ಇದೆಯೇ ಎಂದು ಮಕ್ಕಳಿಗೆ ತೋರಿಸಬಲ್ಲಳು. ಯಾವ ಪ್ರಾಣಿಯದು ಎಂದು ಹೇಳುವ ಸಾಮಾನು ಅಲ್ಲಿ ಏನೂ ಇರಲಿಲ್ಲ.

"ಹೇಳ್ಬೇಡ ಬಿಡು" ಎಂದ ಗಂಡ ಕಾಂತರಾಜು. "ತಿಂದಾಯ್ತು. ಹೇಳಿ ಅವ್ರ ನೆಮ್ಮದೀನೂ ಯಾಕೆ ಕೆಡಿಸ್ತೀಯ?"

ಐದನೇ ದಿನ ಕಂಪನಿಯ ಉತ್ತರ ಬಂತು. ಪೂರೈಕೆದಾರರು ಬದಲಾಗುತ್ತಿರುತ್ತಾರೆ, ಆ ಪೊಟ್ಟಣದಲ್ಲಿದ್ದುದರ ಮೂಲವನ್ನು ಖಚಿತವಾಗಿ ತಿಳಿಸಲಾಗದು, ಕ್ಷಮೆಯಿರಲಿ. ಹಂದಿಯದೆಂದಾಗಲಿ ಅಲ್ಲವೆಂದಾಗಲಿ ಇದ್ದಿದ್ದರೆ ಏನಾದರೂ ಮಾಡಬಹುದಿತ್ತು.

ಭೂಮಿಕಾ ಚಪ್ಪಲಿ ಹಾಕಿಕೊಂಡು ಪಕ್ಕದ ಮನೆಗೆ ಹೋದಳು. ಕವರ್ ಎಲ್ಲೋ ಹೋಯಿತೆಂದು ಸುಳ್ಳು ಹೇಳಿದ್ದನ್ನೂ ಸೇರಿಸಿ ಎಲ್ಲ ಹೇಳಿದಳು. ಸಫೂರಾ ಹೊಲಿಗೆ ಯಂತ್ರದ ಪೆಡಲ್ ಮೇಲಿಂದ ಕಾಲು ತೆಗೆದಳು.

"ಗೊತ್ತಿಲ್ದೆ ತಿಂದಿದ್ಕೆ ಪಾಪ ಇಲ್ಲ ಅಂತಾರೆ ಅಕ್ಕಾ. ನೀವೂ ಬೇಕಂತ ಮಾಡಿದ್ದಲ್ಲ." ಬಟ್ಟೆಯ ನೂಲು ಕತ್ತರಿಸುತ್ತ ಹೇಳಿದಳು. "ಆದ್ರೆ ಅವತ್ತು ಕೇಳ್ದಾಗ್ಲೇ ಗೊತ್ತಿಲ್ಲ ಅಂದ್ಬಿಟ್ಟಿದ್ರೆ ಆಗ್ತಿತ್ತು."

ಪರದೆಯ ಹಿಂದೆ ಮಿಸ್ಬಾ ಎಲ್ಲ ಕೇಳಿಸಿಕೊಂಡಿದ್ದಳು. ಬಚ್ಚಲಿಗೆ ಓಡಿ ಗಂಟಲಿಗೆ ಬೆರಳು ಹಾಕಿಕೊಂಡಳು. ಐದು ದಿನದ ಹಿಂದೆ ತಿಂದದ್ದು ಈಗೆಲ್ಲಿ ಬರಬೇಕು? ಬರೀ ಎಂಜಲು ಬಂತು. ಸಫೂರಾ ಮಗಳ ಬೆನ್ನು ಸವರುತ್ತ "ಸಾಕು ಬೇಟಾ, ಸಾಕು" ಎನ್ನುತ್ತಿದ್ದಳು. ಹತ್ತಿರ ಹೋಗಲು ಭೂಮಿಕಾಳಿಗೆ ಧೈರ್ಯ ಬರಲಿಲ್ಲ.

ಮುಂದಿನ ಭಾನುವಾರ ಮಿಸ್ಬಾ ಬಂದಳು. ಶ್ರುತಿಯ ಜೊತೆ ಎಂದಿನಂತೆ ಆಡಿದಳು. ಮಧ್ಯಾಹ್ನ ಭೂಮಿಕಾ ಉಪ್ಪಿಟ್ಟು ಬಡಿಸಿ, "ರವೆ, ಈರುಳ್ಳಿ, ಕಡ್ಲೆಕಾಯಿ ಎಣ್ಣೆ ಅಷ್ಟೇ ಕಣಮ್ಮ" ಎಂದಳು.

ಹುಡುಗಿ ತಟ್ಟೆ ನೋಡಿದಳು. ಆಂಟಿಗೆ ಬೇಸರವಾಗಬಾರದೆಂದು ನಕ್ಕಳು.

"ಹಸಿವಿಲ್ಲ ಆಂಟಿ" ಎಂದಳು.