ಜಾಗವಿಲ್ಲ, ಹೊರಡಿ

ನಮ್ಮ ಮಠದ ಬಾಗಿಲಿಗೆ ಬಂದವನಿಗೆ ಮೊದಲು ಸಿಗುವುದು ಒಂದು ಸುಳ್ಳು. "ಜಾಗ ಇಲ್ಲ, ಹೊರಡಿ." ಜಾಗ ಬೇಕಾದಷ್ಟು ಇರುತ್ತದೆ, ಆದರೂ ಹಾಗೆನ್ನಬೇಕು. ಸನ್ಯಾಸಿಯಾಗಲು ಬಂದವನು ಮೆಟ್ಟಿಲ ಮೇಲೆ ಕೂತು ತನ್ನ ಗಂಟಿನ ಮೇಲೆ ಹಣೆಯಿಟ್ಟು ಬಗ್ಗಿರಬೇಕು. ನಾವು ಬೈಯಬೇಕು, ಕೊರಳಪಟ್ಟಿ ಹಿಡಿದು ಹೊರಗೆ ದಬ್ಬಬೇಕು, ಅವನು ಮತ್ತೆ ಬಂದು ಕೂರಬೇಕು. ಹೀಗೆ ಒಂದೆರಡು ದಿನ ಸೊಂಟ ಮುರಿಸಿದ ಮೇಲೆ ಒಳಗೆ ಕರೆಯುತ್ತೇವೆ. ಜಪಾನಿನ ಝೆನ್ ಮಠಗಳಲ್ಲಿ ಇದು ತಲೆತಲಾಂತರದಿಂದ ಬಂದ ಪದ್ಧತಿ. ನಾನೂ ಹಾಗೇ ಒಳಗೆ ಬಂದವನು. ಹಿರಿಯನಾದ ಮೇಲೆ ಬೈಯುವ ಕೆಲಸ ನನ್ನ ಪಾಲಿಗೆ ಬಂತು. ಶೋತಾನನ ಬಾಯಿಗೆ, ಅಂದರೆ ನನ್ನ ಬಾಯಿಗೆ, ಹೇಳಿ ಮಾಡಿಸಿದ ಕೆಲಸ ಎಂದು ಎಲ್ಲರೂ ಅನ್ನುತ್ತಿದ್ದರು.

ಆ ವರ್ಷದ ಮಳೆಗೆ ಮಠದ ಹಿಂದಿನ ಬೆಟ್ಟ ಬಿರುಕು ಬಿಟ್ಟಿತು. ಬಾವಿಯ ನೀರು ಮಿಸೊ ಸಾರಿನಂತೆ ಕಂದು ಬಣ್ಣಕ್ಕೆ ತಿರುಗಿತು. ಅಡುಗೆಮನೆಯ ಗೋಡೆಗೆ ಮೇಲಿನಿಂದ ಸಣ್ಣ ಕಲ್ಲುಗಳು ಬಂದು ಬಡಿಯತೊಡಗಿದವು. ಊರಿನ ಕಚೇರಿಯವರು ಮಳೆಯಂಗಿಯಲ್ಲೇ ಓಡಿ ಬಂದು, ಗುಡ್ಡ ಕುಸಿಯುತ್ತದೆ, ಈಗಲೇ ಖಾಲಿ ಮಾಡಿ ಎಂದರು. ಕಿರಿಯರೆಲ್ಲ ಬುದ್ಧನ ವಿಗ್ರಹವನ್ನು ಹೊತ್ತು ಕೆಳಗಿಳಿದರು. ಉಳಿದವರು ನಾನು, ನಮ್ಮ ಮುದಿ ಗುರು ಕೈತೆತ್ಸು, ಮತ್ತು ಅವರು ಬಿಟ್ಟು ಬರಲು ಒಪ್ಪದ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿ. ಪೀಪಾಯಿಯನ್ನು ಹೇಗೋ ಟ್ರಕ್ಕಿನ ಹಿಂಭಾಗಕ್ಕೆ ಏರಿಸಿ ಗುರುಗಳನ್ನು ಮುಂದೆ ಕೂರಿಸಿದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ಉದ್ದನೆಯ ಕೂಗು ಕೇಳಿಸಿತು.

"ದಯಮಾಡಿ, ಬೇಡಿಕೊಳ್ತೇನೆ."

ಮೆಟ್ಟಿಲ ಮೇಲೆ ಒಬ್ಬರು ಗಂಟಿಗೆ ಹಣೆಯಿಟ್ಟು ಬಗ್ಗಿ ಕೂತಿದ್ದರು. ಹುಲ್ಲಿನ ಚಪ್ಪಲಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಮುಖ ಎತ್ತಿದಾಗ ಗುರುತು ಸಿಕ್ಕಿತು. ಕ್ಯೋಟೊದ ಮಿನೊವಾ, ತರ್ಕಶಾಸ್ತ್ರದ ಪ್ರೊಫೆಸರರು, ಈಗ ನಿವೃತ್ತರು. ಬುದ್ಧಿಯಿಂದ ಸತ್ಯ ಸಿಗುವುದಿಲ್ಲ ಎಂದು ಸಾಧಿಸಲು ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಿ ದಪ್ಪ ದಪ್ಪ ಪುಸ್ತಕ ಬರೆದವರು. ಹಿಂದೊಮ್ಮೆ ನಮ್ಮಲ್ಲಿ ಬಂದು ಭಾಷಣ ಮಾಡಿ ಎಲ್ಲರನ್ನೂ ಮಲಗಿಸಿ ಹೋಗಿದ್ದರು.

"ಮೇಷ್ಟ್ರೇ, ಜಾಗ ಇಲ್ಲ. ಹೊರಡಿ" ಅಂದೆ.

ಅವರ ಮುಖದಲ್ಲಿ ತೃಪ್ತಿ ಮೂಡಿತು. ಹಣೆಯನ್ನು ಗಂಟಿಗೆ ಇನ್ನಷ್ಟು ಒತ್ತಿದರು.

ತಪ್ಪು ಮಾಡಿದೆ ಅನ್ನಿಸಿ ಬೇರೆ ರೀತಿಯಲ್ಲಿ ಹೇಳಿದೆ. "ಇದು ಆ ಮಾತಲ್ಲ ಮೇಷ್ಟ್ರೇ. ನಿಜವಾಗ್ಲೂ ಜಾಗ ಇಲ್ಲ. ಮಠ ಮುಚ್ತಾ ಇದೀವಿ."

"ಮಠ ಅನ್ನೋದೇ ಇಲ್ಲ ಅಂತೀರಿ. ಸರಿ. ನಾನಾದ್ರೂ ಎಲ್ಲಿದೀನಿ?"

"ನೀವು ನನ್ನ ಮೆಟ್ಟಿಲ ಮೇಲೆ ಇದೀರಿ. ಎದ್ದೇಳಿ. ಹಿಂದಿನ ಬೆಟ್ಟ ಕೆಳಗೆ ಬರ್ತಾ ಇದೆ."

ಪ್ರೊಫೆಸರರ ಕಣ್ಣಲ್ಲಿ ನೀರು ಬಂತು. "ಬೆಟ್ಟ ನಡೀತದೆ ಅನ್ನೋ ಹಳೇ ಝೆನ್ ಮಾತಿನ ಮೇಲೆ ನಾನು ಒಂದು ಅಧ್ಯಾಯ ಬರ್ದಿದೀನಿ. ಆದ್ರೆ ಇಷ್ಟು ನೇರವಾಗಿ ಯಾರ ಬಾಯಲ್ಲೂ ಕೇಳಿರಲಿಲ್ಲ."

ನನ್ನ ಪಿತ್ತ ನೆತ್ತಿಗೇರಿತು. ಕೊರಳಪಟ್ಟಿ ಹಿಡಿದು ಎಳೆದು ಅಂಗಳದ ಕೆಸರಿಗೆ ನೂಕಿದೆ. ಪದ್ಧತಿಯ ನೂಕಾಟದಲ್ಲಿ ಸ್ವಲ್ಪ ಕೈ ತಡೆಯುತ್ತೇವೆ, ಅವತ್ತು ತಡೆಯಲಿಲ್ಲ. ಅವರು ಕೆಸರಿನಲ್ಲೇ ಎದ್ದು ನನಗೆ ಕೈಮುಗಿದು, ಓಡಿ ಬಂದು ಮತ್ತೆ ಅದೇ ಮೆಟ್ಟಿಲ ಮೇಲೆ ಬಗ್ಗಿ ಕೂತರು.

ಕೆಳಗಿನ ಊರಿನ ಧ್ವನಿವರ್ಧಕ ಕೂಗುತ್ತಿತ್ತು: ಬೆಟ್ಟದ ಬುಡದಲ್ಲಿರುವವರು ಕೂಡಲೇ ಶಾಲೆಗೆ ಬನ್ನಿ.

"ಕೇಳಿಸ್ತಾ?" ಅಂದೆ.

"ಕೇಳಿಸ್ತು. ನನ್ನೊಬ್ಬನನ್ನ ಪರೀಕ್ಷೆ ಮಾಡೋಕೆ ಊರಿಗೂರನ್ನೇ ಸೇರಿಸಿಕೊಂಡಿದೀರಿ. ನಾನು ಅಷ್ಟಕ್ಕೆ ಯೋಗ್ಯನಲ್ಲ."

ತಲೆ ಚಚ್ಚಿಕೊಳ್ಳುತ್ತ ಟ್ರಕ್ಕಿನ ಬಳಿ ಓಡಿದೆ. "ಗುರುಗಳೇ, ಆಸಾಮಿ ಏಳ್ತಾ ಇಲ್ಲ. ಮೊದಲು ನಿಮ್ಮನ್ನ ಕೆಳಗೆ ಬಿಟ್ಟು ಬರ್ತೀನಿ."

"ಬಾಗಿಲಲ್ಲಿ ಒಬ್ಬ ಕೂತಿರುವಾಗ ನಾನು ಹ್ಯಾಗೋ ಹೊರಡ್ಲಿ?" ಅಂದರು ಗುರುಗಳು. ಅಂದು ಟ್ರಕ್ಕಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು ಕೂತರು. ಅವರು ಹಟ ಹಿಡಿದರೆ ಎತ್ತಿನಿಂದಲೂ ಎಳೆಸಲಾಗದು. ಅಡುಗೆಮನೆಯ ಹಿಂದೆ ಒಂದು ಮರ ಲಟಲಟನೆ ಮುರಿದು ಬಿತ್ತು. ನನಗೆ ಹೆದರಿಕೆಯಾಯಿತು. ಸಾವು ಬದುಕು ಎರಡೂ ಒಂದೇ ಎಂದು ಕಿರಿಯರಿಗೆ ಪಾಠ ಹೇಳಿದವನು ನಾನು. ಅವತ್ತು ಎರಡೂ ಬೇರೆ ಬೇರೆಯೆಂದು ಚೆನ್ನಾಗಿ ಕಾಣುತ್ತಿತ್ತು.

"ಏನು ಮಾಡ್ಲಿ ಹೇಳಿ" ಅಂದೆ.

"ಒಳಗೆ ಕರಿ."

"ಒಳಗಾ? ಒಳಗೆ ಬೆಟ್ಟ ಬರ್ತಾ ಇದೆ, ಗುರುಗಳೇ."

"ಕರಿ, ನೋಡೋಣ."

ಬೇರೆ ದಾರಿ ಕಾಣದೆ ಮೆಟ್ಟಿಲ ಬಳಿ ಹೋಗಿ ದನಿ ಮೆತ್ತಗೆ ಮಾಡಿಕೊಂಡೆ. "ಬನ್ನಿ ಮೇಷ್ಟ್ರೇ. ಜಾಗ ಇದೆ. ಬೇಕಾದಷ್ಟಿದೆ. ಕಾಲು ಒರೆಸಿಕೊಂಡು ಒಳಗೆ ಬನ್ನಿ, ಬಿಸಿ ಚಹಾ ಕುಡಿಯೋರಂತೆ."

ಪ್ರೊಫೆಸರರು ನಿಧಾನವಾಗಿ ತಲೆಯೆತ್ತಿದರು. ಅವರ ಮುಖ ಬಾಡಿತು.

"ಏನಂದ್ರಿ?"

"ಜಾಗ ಇದೆ ಅಂದೆ. ಹಾಸಿಗೆ ಹಾಸಿಸ್ತೀನಿ."

"ಮೊದಲನೇ ದಿನಾನೇ?"

"ಮೊದಲನೇ ದಿನಾನೇ. ನಿಮ್ಮಂಥೋರನ್ನ ಕಾಯಿಸೋದು ಉಂಟಾ?"

ಅವರು ಎದ್ದು ನಿಂತು ಗಂಟನ್ನು ಹೆಗಲಿಗೆ ಹಾಕಿಕೊಂಡರು. ತರಗತಿಯಲ್ಲಿ ನಿಂತಂತೆ ಬೆರಳೆತ್ತಿ ಹೇಳಿದರು: "ಅಸಲಿ ಮಠ ಬಂದವನನ್ನ ಮೊದಲ ದಿನ ಒಳಗೆ ಕರೆಯೋದಿಲ್ಲ. ನೀವು ಕರೆದ್ರಿ. ಹಾಗಾದ್ರೆ ಇದು ಅಸಲಿ ಮಠ ಅಲ್ಲ. ಇಷ್ಟು ದೂರ ಬಂದಿದ್ದು ದಂಡ." ಹೀಗೆಂದು ಗೇಟು ದಾಟಿ ಹೊರಟೇಬಿಟ್ಟರು. ನಿಜ ಹೇಳಿದಷ್ಟು ಹೊತ್ತೂ ಕೂತಿದ್ದ ಮನುಷ್ಯ, ಒಂದು ಸುಳ್ಳು ಹೇಳಿದ ಕೂಡಲೇ ಎದ್ದು ನಡೆದ.

ನಾನು ಟ್ರಕ್ಕು ಹತ್ತಿ ಅವರ ಬೆನ್ನ ಹಿಂದೆಯೇ ಬಂದೆ. ಕಿಟಕಿಯಿಂದ ತಲೆ ಹಾಕಿ, ಹತ್ತಿಕೊಳ್ಳಿ ಮೇಷ್ಟ್ರೇ ಅಂದರೆ ತಿರುಗಿಯೂ ನೋಡಲಿಲ್ಲ. ಗಿರಾಕಿ ಕರೆಯುವ ಮಠದ ಗಾಡಿ ಹತ್ತುವುದಿಲ್ಲ ಎಂದು ಗೊಣಗಿದರು. ಅವರು ನಡೆಯುವುದು, ನಾವು ಉರುಳುವುದು, ಹೀಗೆ ದೇವದಾರು ತೋಪು ದಾಟಿ ಸೇತುವೆಯ ಆಚೆ ಬಂದೆವು. ಆಗ ಹಿಂದಿನಿಂದ ಸದ್ದು ಬಂತು.

ಬೆಟ್ಟ ನಿಜಕ್ಕೂ ನಡೆಯಿತು. ಅಡುಗೆಮನೆ, ಧ್ಯಾನದ ಮನೆ, ಬಾಗಿಲು, ಆ ಮೆಟ್ಟಿಲು, ಎಲ್ಲದರ ಮೇಲೆ ನಡೆದು ತೋಪಿನ ಅಂಚಿಗೆ ಬಂದು ನಿಂತಿತು. ನನ್ನ ಆಯುಷ್ಯವೆಲ್ಲ ಕಳೆದ ಮನೆ ಅದು. ನಾನು ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತೆ.

ಪ್ರೊಫೆಸರರು ಟ್ರಕ್ಕಿನ ಹಿಂದೆ ಹತ್ತಿ ಪೀಪಾಯಿಯನ್ನು ತಬ್ಬಿಕೊಂಡು ಕೂತರು. ಊರು ಹತ್ತಿರವಾದಾಗ ಕಿಟಕಿ ಬಡಿದರು.

"ಹಾಗಾದ್ರೆ ನೀವು ಹೇಳಿದ್ದು ನಿಜಾನಾ?"

"ಮತ್ತಿನ್ನೇನು? ಬಾಯಿ ಹರಿದು ಹೋಗೋ ಹಾಗೆ ಹೇಳ್ದೆ."

"ನಿಜ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ನಿಮ್ಮಲ್ಲಿ ಸುಳ್ಳು ಹೇಳೋದೂ ಅದೇ ಮಾತಲ್ಲೇ, ಅದೇ ದನೀಲೇ."

ಚೆನ್ನಾಗಿ ಬೈಯೋಣವೆಂದು ತಿರುಗಿದವನು ಗೇರು ಬದಲಿಸಿ ಗಾಡಿ ಮುಂದೆ ಬಿಟ್ಟೆ.

ಊರಿನ ಶಾಲೆಯ ಸಭಾಂಗಣದ ಬಾಗಿಲಲ್ಲಿ ಮೀನಂಗಡಿಯ ತೋಮಿಯೆ ರಬ್ಬರ್ ಬೂಟು ಹಾಕಿಕೊಂಡು ನಿಂತಿದ್ದಳು. ಮುಂದೆ ಹೋದ ಪ್ರೊಫೆಸರರಿಗೆ, "ಇಲ್ಲಿ ಜಾಗ ಇಲ್ಲಪ್ಪ, ಆ ಕಡೆ ಕಟ್ಟಡಕ್ಕೆ ಹೋಗಿ" ಅಂದಳು.

ಅವರು ಬಗ್ಗಲಿಲ್ಲ, ಗಂಟನ್ನು ಕೆಳಗಿಡಲಿಲ್ಲ. "ಹೌದಾ, ಸರಿ ತಾಯಿ" ಎಂದು ಆ ಕಡೆ ನಡೆದರು.

ಅದೇ ಎರಡು ಶಬ್ದ. ಮೀನು ಮಾರುವವಳು ಒಮ್ಮೆ ಅಂದದ್ದಕ್ಕೆ ನಂಬಿ ಹೊರಟುಹೋದರು. ಸತ್ಯ ತೋರಿಸುತ್ತೇವೆಂದು ಬೋರ್ಡು ಹಾಕಿಕೊಂಡ ನಾವು ಅಷ್ಟು ಸಲ ಅಂದರೂ ಅದಕ್ಕೆ ಕವಡೆ ಕಿಮ್ಮತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಮಠ ಹೋದದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು.

"ಗುರುಗಳೇ, ನಿಮ್ಮಿಬ್ಬರಿಗೆ ಒಲೆ ಹತ್ರ ಜಾಗ ಮಾಡಿದೀನಿ. ಬನ್ನಿ ಒಳಗೆ" ಅಂದಳು ತೋಮಿಯೆ.

ಗುರುಗಳು ಚಪ್ಪಲಿ ಬಿಟ್ಟು ಒಳಗೆ ಹೋದರು. ನಾನು ಮೆಟ್ಟಿಲ ಮೇಲೆಯೇ ನಿಂತಿದ್ದೆ. ಅಷ್ಟು ಸುಲಭಕ್ಕೆ ಬಾ ಅಂದದ್ದನ್ನು ಕೇಳಿ ಮಠಕ್ಕೆ ಬಂದ ಮೊದಲ ದಿನದಂತೆ ಬಗ್ಗಿ ಕೂರಲು ನನ್ನ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತಿತ್ತು, ಕೈ ಗಂಟನ್ನು ಹುಡುಕುತ್ತಿತ್ತು.

"ನಿಜವಾಗ್ಲೂ ಜಾಗ ಇದೆಯಾ, ತಾಯಿ?" ಎಂದು ಕೇಳಿದೆ.

ತೋಮಿಯೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇದೆ ಅಂದ್ನಲ್ಲ. ನಿಂಗೇನಾಗಿದೆ? ಬಾ, ಅನ್ನ ಆರ್ತಾ ಇದೆ."

ಚಪ್ಪಲಿ ಬಿಟ್ಟು ಒಳಗೆ ಹೋದೆ.