ಅಂಜಮ್ಮನ ತಾರಸಿಯ ಗಾಳಿ

ಕಾಗದ ಬೆಳ್ಳಗಿತ್ತು. ಅನಿರುದ್ಧ ಅದನ್ನು ತಾರಸಿಯ ಮೇಲಿಟ್ಟಿದ್ದ ಧೂಳು ಅಳೆಯುವ ಯಂತ್ರದಿಂದ ಇಕ್ಕಳದಲ್ಲಿ ಹಿಡಿದು ತೆಗೆದು, ಬಿಸಿಲಿಗೆ ಎತ್ತಿ ನೋಡಿದ. ಒಂದು ಹಗಲು, ಒಂದು ರಾತ್ರಿ ಉದ್ದನಪಲ್ಲಿಯ ಗಾಳಿಯನ್ನು ಸೋಸಿದ ಕಾಗದ ಬೂದು ಬಣ್ಣಕ್ಕೆ ತಿರುಗಿರಬೇಕಿತ್ತು. ಇದು ಆಗಷ್ಟೇ ಪೊಟ್ಟಣದಿಂದ ತೆಗೆದ ಹಾಗಿತ್ತು.

ಕೆಳಗೆ ಅಂಜಮ್ಮ ಕೆಮ್ಮಿದಳು. ಅವಳ ಚೆಂಡುಹೂವಿನ ಹೊಲದಾಚೆ ಎರಕದ ಕಾರ್ಖಾನೆ ತನ್ನ ಪಾಡಿಗೆ ತಾನು ಹೊಗೆ ಬಿಡುತ್ತಿತ್ತು. ಅನಿರುದ್ಧ ಆ ಕಾರ್ಖಾನೆಯ ಪರಿಸರ ಅಧಿಕಾರಿ.

ಎರಡನೆಯ ಕುಲುಮೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕಾಗಿತ್ತು. ಗೇಟಿನ ಬಳಿ ಅಳೆದದ್ದು ಸಾಲದು, ತೀರ ಹತ್ತಿರದ ಮನೆಯಲ್ಲಿ ಅಳೆಯಿರಿ ಎಂದು ಈ ಸಲ ಪತ್ರ ಬಂದಿತ್ತು. ಧೂಳು ಘನಮೀಟರಿಗೆ ನೂರು ಮೈಕ್ರೋಗ್ರಾಂ ದಾಟಿದರೆ ಮೊದಲು ಚಿಮಣಿಗೆ ಹೊಸ ಫಿಲ್ಟರು, ಆಮೇಲೆ ಕುಲುಮೆ. ದಾಟದಿದ್ದರೆ ನೇರ ಕುಲುಮೆಯೇ, ಅಂಜಮ್ಮನ ಅಡುಗೆಮನೆಯ ಎದುರಿಗೆ.

ಅನಿರುದ್ಧನಿಗೆ ನಿಯಮಗಳೆಂದರೆ ಪ್ರೀತಿ. ಇಂಗಾಲಕ್ಕೆ ಗುರಿ ಗೊತ್ತುಮಾಡುವ ದೆಹಲಿಯ ಹೊಸ ಅಧಿಸೂಚನೆಗಳನ್ನು ಅವಲಪಲ್ಲಿಯ ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತು, ಗೆರೆ ಎಳೆದು ಓದುತ್ತಿದ್ದ. ಭೂಮಿ ಎಷ್ಟು ಬಿಸಿಯಾಗಲಿದೆ ಎಂಬುದನ್ನು ದಶಮಾಂಶದಲ್ಲಿ ಹೇಳಬಲ್ಲ. ಪಕ್ಕದ ಮನೆಯವರ ಹೆಸರು ಕೇಳಿದರೆ ತಬ್ಬಿಬ್ಬು. ಇಲ್ಲಿಗೆ ಬಂದ ಆರು ವರ್ಷಗಳಲ್ಲಿ ಅವನನ್ನು ಊಟ ಆಯಿತೇ ಎಂದು ಕೇಳಿದವಳು, ನಿನ್ನೆ ಯಂತ್ರ ಹೊತ್ತು ಮೆಟ್ಟಿಲು ಹತ್ತುವಾಗ, ಈ ಅಂಜಮ್ಮ ಒಬ್ಬಳೇ.

ಅವಳು ಮಜ್ಜಿಗೆಯ ಲೋಟ ಹಿಡಿದು ಮೇಲೆ ಬಂದಳು.

"ಕುಡಿಯಪ್ಪ. ಬಿಸ್ಲಾಗೆ ಬಂದಿದ್ದೀಯ."

"ರಾತ್ರಿ ಕರೆಂಟು ಹೋಗಿತ್ತಾ ಅಂಜಮ್ಮ?"

"ಇಲ್ವಲ್ಲ. ಬೆಳಗಾಗಗಂಟ ಗುಯ್ ಅಂತಲೇ ಇತ್ತು."

"ಯಾರಾದ್ರೂ ಮುಟ್ಟಿದ್ರಾ?"

ಅವಳು ಸೆರಗಿನ ತುದಿ ತಿರುಚಿದಳು. "ಬೈಬ್ಯಾಡ ಕಣಪ್ಪ. ನೀನು ಅತ್ಲಾಗೆ ಹೋಗ್ತಿದ್ದಂಗೆ ಒದ್ದೆ ಬಟ್ಟೆ ಹೊದಿಸ್ಬುಟ್ಟೆ. ಅಷ್ಟೂ ಧೂಳ್ನ ಎಳ್ಕೊಂತಾನೇ ಇತ್ತು, ಪಾಪ, ಮೂಕಪ್ರಾಣಿ. ಅದು ಕೆಟ್ಟೋದ್ರೆ ನಿನ್ನ ಕೆಲ್ಸಕ್ಕೇ ಸಂಚಕಾರ ಅಲ್ವಾ? ಈಗ ನೀನು ಬರೋ ಮುಂಚೆ ತೆಗ್ದೆ."

ಬಟ್ಟೆ ಮೂಲೆಯ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ನೀರು ಕಾಡಿಗೆಯಷ್ಟು ಕಪ್ಪು. ನಿನ್ನೆ ಹೂ ಬಿಡಿಸುವಾಗ ಅವಳು ಮೂಗು ಬಾಯಿಗೆ ಕಟ್ಟಿಕೊಂಡಿದ್ದ ಬಟ್ಟೆಯೇ ಅದು.

"ಮತ್ತೆ ನೀವು?"

"ನಂಗೇನಾಯ್ತದೆ? ಒಂದಿನ ತಾನೆ."

ಅನಿರುದ್ಧನಿಗೆ ಅವಳ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಗದರಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡದೆ ಮಜ್ಜಿಗೆ ಕುಡಿದ.

ಫೋನು ಬಂತು. ತಮಿಳು ಬೆರೆಸಿ ಮಾತಾಡುವ ಮ್ಯಾನೇಜರ್ ಕುಮಾರೇಶ್.

"ಎನ್ನ ಸಾರ್, ರೀಡಿಂಗ್ ಏನಾಯ್ತು?"

"ಕಾಗದ ಬೆಳ್ಳಗಿದೆ ಸರ್." ಅದು ಸುಳ್ಳಲ್ಲ.

"ಸೂಪರ್. ಐದು ಗಂಟೆಗೆ ಮಂಡಳಿಯವರು ಪೋರ್ಟಲ್ ಮುಚ್ತಾರೆ. ಬೇಗ ತನ್ನಿ."

"ಇನ್ನೊಂದು ದಿನ ಓಡಿಸಿ ನೋಡಿದ್ರೆ..."

"ಯಾಕೆ, ಏನಾದ್ರೂ ಎಡವಟ್ಟಾಯ್ತಾ?"

ಅಂಜಮ್ಮ ಅವನ ಮುಖವನ್ನೇ ನೋಡುತ್ತಿದ್ದಳು, ಮಗನ ಪರೀಕ್ಷೆಯ ಫಲಿತಾಂಶ ಬರುವ ದಿನದ ತಾಯಿಯ ಹಾಗೆ. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಏನಿಲ್ಲ ಸರ್," ಎಂದ.

"ಪಾಸಾಯ್ತಾ?" ಎಂದಳು ಅಂಜಮ್ಮ.

"ಪಾಸು."

ಅವಳ ಮುಖ ಅರಳಿತು. ಅನಿರುದ್ಧ ಕಾಗದವನ್ನು ಲಕೋಟೆಗೆ ಸೇರಿಸಿದ. ಮತ್ತೆ ಅಳೆಯುವುದಾದರೆ ಚೀಲದಲ್ಲಿ ಇನ್ನೊಂದು ಹೊಸ ಕಾಗದವಿತ್ತು. ಐದಕ್ಕೆ ಇನ್ನೂ ಹೊತ್ತಿದೆ, ದಾರಿಯಲ್ಲಿ ಯೋಚಿಸಿದರಾಯಿತು ಎಂದುಕೊಂಡು ಮೆಟ್ಟಿಲಿಳಿದ. ಯೋಚಿಸುವುದನ್ನು ಮುಂದೂಡುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

ಗಾಡಿ ಶುರುಮಾಡಿದಾಗ ಅಂಜಮ್ಮ ಓಡಿಬಂದಳು. ಬಟ್ಟೆಯನ್ನು ಮೂರು ನೀರಿನಲ್ಲಿ ಜಾಲಿಸಿ ಹಿಂಡಿಕೊಂಡು ಬಂದಿದ್ದಳು.

"ರಾಯಕೋಟೆ ರಸ್ತೇಲಿ ಬರೀ ಲಾರಿಗ್ಳು. ಕಟ್ಕೊ."

ಅವನು ಬೇಡವೆನ್ನುವಷ್ಟರಲ್ಲಿ ಅವನ ಮೂಗು ಬಾಯಿ ಮುಚ್ಚುವಂತೆ ಸುತ್ತಿ, ಹಿಂದೆ ಗಂಟು ಹಾಕಿದಳು. ಗಂಟು ಬಿಗಿಯಾಯಿತೇನೋ ಎಂದು ಬೆರಳು ತೂರಿಸಿ ಸಡಿಲಿಸಿದಳು. ಹೀಗೆ ಅವನ ತಲೆ ಮುಟ್ಟಿ ಯಾರಾದರೂ ಏನನ್ನಾದರೂ ಮಾಡಿ ಎಷ್ಟೋ ವರ್ಷಗಳಾಗಿದ್ದವು. ಬಟ್ಟೆ ತಂಪಾಗಿತ್ತು. ಚೆಂಡುಹೂವಿನ ವಾಸನೆಯಿತ್ತು.

ಅನಿರುದ್ಧ ಗೇರು ಹಾಕಲಿಲ್ಲ, ಇಳಿಯಲೂ ಇಲ್ಲ. ಕನ್ನಡಿಯಲ್ಲಿ ಅಂಜಮ್ಮ ಬರಿಮುಖದಲ್ಲಿ ನಿಂತು, ಹೋಗ್ಬುಟ್ಟು ಬಾ ಎಂದು ಕೈಬೀಸುತ್ತ, ಒಂದೇ ಸಮನೆ ಕೆಮ್ಮುತ್ತಿದ್ದಳು. ಅವಳ ಬಟ್ಟೆಯೊಳಗೆ ಅವನು ಹಾಯಾಗಿ ಉಸಿರಾಡುತ್ತಿದ್ದ.